ತೋಟದ ಕೆಲಸಕ್ಕೆ ಮಾಮೂಲಿ ಮಲ್ಟಿಟೂಲ್ ಸಾಕೋ, ಕಸುಬಿಗೆಂದೇ ಮಾಡಿದ್ದು ಬೇಕೋ?

ತೋಟದಮನೆ (ಸಾಗರ)
ಎಲ್ಲರಿಗೂ ನಮಸ್ಕಾರ. ಭಾವ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾನೆ, ದೀಪಾವಳಿಗೆ ಊರಿಗೆ ಬರುತ್ತಿದ್ದಾನೆ. "ಲೆದರ್‌ಮನ್ ಕಂಪನಿ ಇರೋದೇ ನಮ್ಮೂರಲ್ಲಿ, ಯಾವುದು ಬೇಕು ಹೇಳು, ತರ್ತೀನಿ" ಅಂದ. ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಡುವ ಮಲ್ಟಿಟೂಲ್ ಮಾಡುವ ಕಂಪನಿ ಅದು. ಒಂದು ವಾರದಿಂದ ನೋಡುತ್ತಿದ್ದೇನೆ, ತಲೆ ಕೆಟ್ಟಿದೆ. ಒಂದೊಂದು ಕಸುಬಿಗೆ ಒಂದೊಂದು ಮಾದರಿ!

ಈಗ ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಕಟಿಂಗ್ ಪ್ಲೇಯರ್, ಜೇಬಲ್ಲಿ ಚಾಕು, ಬೈಕಿನ ಕವರಲ್ಲಿ ಸ್ಕ್ರೂಡ್ರೈವರ್. ಬೇಕಾದಾಗ ಮೂರರಲ್ಲಿ ಒಂದು ಮನೆಯಲ್ಲೇ ಉಳಿದಿರುತ್ತದೆ. ಕೆಲಸ ಅಂದರೆ ಡ್ರಿಪ್ಪಿನ 16 ಎಂಎಂ ಪೈಪು ಕತ್ತರಿಸುವುದು, ಬೇಲಿ ತಂತಿ ಬಿಗಿಯುವುದು, ಔಷಧಿ ಪಂಪಿನ ನಾಜಲ್ ಬಿಚ್ಚುವುದು, ಮೋಟರ್ ಸ್ಟಾರ್ಟರ್ ಕೈಕೊಟ್ಟರೆ ಮುಚ್ಚಳ ತೆಗೆದು ನೋಡುವುದು. ಮಳೆಗಾಲದಲ್ಲಿ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುತ್ತೇನೆ. ಕಳೆದ ವರ್ಷ 40 ಗಿಡಕ್ಕೆ ಕಟ್ಟಿದ್ದರಲ್ಲಿ 11 ಮಾತ್ರ ಉಳಿದವು, ಇನ್ನೂ ಬೇಜಾರು ಹೋಗಿಲ್ಲ.

ಪಟ್ಟಿಯಲ್ಲಿ ಇರುವುದು: ವೇವ್ ಪ್ಲಸ್ (ಇದು ಮಾಮೂಲಿ, ಎಲ್ಲರೂ ಹೇಳುವುದು), ಸಿಗ್ನಲ್ (ಕಾಡು ತಿರುಗುವವರಿಗೆ), ಇಲ್ಲವೇ ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್‌ನ ಫಾರ್ಮರ್ ಅಥವಾ ಎಲೆಕ್ಟ್ರಿಷಿಯನ್. ಬಳಸಿದವರು ಹೇಳಿ.

ಕಬ್ಬಿಣದಂಗಡಿ (ತುಮಕೂರು)
ವೇವ್ ಪ್ಲಸ್. ಯೋಚನೆ ಮಾಡಬೇಡಿ.

ಚಾರಣಿಗ (ಬೆಂಗಳೂರು)
ನಾನು ಸಿಗ್ನಲ್ ಕಡೆ. ಮೂರು ವರ್ಷದಿಂದ ಪಶ್ಚಿಮ ಘಟ್ಟ ಹತ್ತುವಾಗೆಲ್ಲ ಜೊತೆಗಿದೆ. ಬೆಂಕಿ ಹೊತ್ತಿಸುವ ಕಡ್ಡಿ, ಸೀಟಿ, ಗೂಟ ಹೊಡೆಯಲು ಹಿಂಬದಿಯಲ್ಲಿ ಸುತ್ತಿಗೆ, ಸಾಣೆಗೆ ವಜ್ರದ ಪುಡಿ ಹಚ್ಚಿದ ಪಟ್ಟಿ, ಗರಗಸ, ಎಲ್ಲಾ ಇದೆ. ತೂಕ 212 ಗ್ರಾಂ. ವೇವ್ ಪ್ಲಸ್ 241.

ಕಬ್ಬಿಣದಂಗಡಿ (ತುಮಕೂರು)
ಸಿಗ್ನಲ್‌ನಲ್ಲಿ ಕತ್ತರಿ ಇದೆಯಾ?

ಚಾರಣಿಗ (ಬೆಂಗಳೂರು)
ಇಲ್ಲ.

ಕಬ್ಬಿಣದಂಗಡಿ (ತುಮಕೂರು)
ಅರ?

ಚಾರಣಿಗ (ಬೆಂಗಳೂರು)
ಅದೂ ಇಲ್ಲ. ಆದರೆ ಕಾಡಲ್ಲಿ ಅರ ಯಾಕೆ ಬೇಕು ಹೇಳಿ.

ಕಬ್ಬಿಣದಂಗಡಿ (ತುಮಕೂರು)
ಕಾಡಲ್ಲಿ ಬೇಡ, ಒಪ್ಪಿದೆ. ಅವರು ಕೇಳಿದ್ದು ತೋಟಕ್ಕೆ. ವಿಶೇಷ ಮಾದರಿ ಅಂದರೆ ಇಷ್ಟೇ ಸ್ವಾಮಿ: ಜಾಗ ಅಷ್ಟೇ ಇರುತ್ತೆ, ಒಂದು ಹಾಕಬೇಕು ಅಂದರೆ ಇನ್ನೊಂದು ತೆಗೀಬೇಕು. ಸೀಟಿ, ಬೆಂಕಿ ಕಡ್ಡಿ ಬಂದವು, ಕತ್ತರಿ, ಅರ ಹೋದವು. ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋಕೆ, ಕಸಿ ಪಟ್ಟಿ ಕತ್ತರಿಸೋಕೆ ಕತ್ತರಿ ಬೇಕು. ಅಡಿಕೆ ತೋಟದಲ್ಲಿ ಕಲ್ಲುಜ್ಜಿ ಬೆಂಕಿ ಹಚ್ಚೋ ಕೆಲಸ ಬರಲ್ಲ.

ವೇವ್‌ನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಎರಡು ಚಾಕು, ಗರಗಸ, ಅರ, ಈ ನಾಲ್ಕೂ ಹೊರಗಡೆನೇ ಇವೆ. ಹಿಡಿ ಬಿಡಿಸದೆ ಒಂದೇ ಕೈಯಲ್ಲಿ ತೆಗೀಬಹುದು. ಇನ್ನೊಂದು ಕೈಲಿ ಪೈಪು ಹಿಡಿದಿರ್ತೀವಲ್ಲ, ಆವಾಗ ಇದರ ಬೆಲೆ ತಿಳಿಯುತ್ತೆ. 2018ರಲ್ಲಿ ವೇವ್ ಪ್ಲಸ್ ಆದಮೇಲೆ ತಂತಿ ಕತ್ತರಿಸೋ ಬಾಯಿಯನ್ನೂ ಬಿಚ್ಚಿ ಬದಲಾಯಿಸಬಹುದು. ಹಳೇದರಲ್ಲಿ ಬೇಲಿ ತಂತಿ ಕತ್ತರಿಸಿ ಬಾಯಿ ಹಲ್ಲು ಹಲ್ಲಾದರೆ ಮುಗೀತು.

ವೈರ್‌ಮನ್ (ಹುಬ್ಬಳ್ಳಿ)
ಅಣ್ಣಾರ, ಎಲ್ಲಾದಕ್ಕಿಂತ ಮೊದ್ಲ ಒಂದ್ ಮಾತು ಹೇಳ್ತೀನ್ರಿ. ನೀವು ಸ್ಟಾರ್ಟರ್ ಮುಚ್ಚಳ ತಗೀತೀನಿ ಅಂದ್ರಿ. ಲೆದರ್‌ಮನ್ ಇರ್ಲಿ, ವಿಕ್ಟೋರಿನಾಕ್ಸ್ ಇರ್ಲಿ, ನೀವು ಬರದ ನಾಲ್ಕರಾಗ ಯಾವ್ದಕ್ಕೂ ಇನ್ಸುಲೇಶನ್ ಇಲ್ರಿ. ಮೈಪೂರ್ತಿ ಲೋಹ. ಮೂರು ಫೇಸ್ ಅಂದ್ರ 415 ವೋಲ್ಟ್ ರೀ, ಮನಿ ಲೈಟಿನ 230 ಅಲ್ಲ.

ಆ "ಎಲೆಕ್ಟ್ರಿಷಿಯನ್" ಅನ್ನೋ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಅದರ ಹಿಡಿ ಅಲ್ಯೂಮಿನಿಯಂ. ಅದ್ರಾಗ ವಿಶೇಷ ಏನಂದ್ರ ವೈರಿನ ಮ್ಯಾಲಿನ ತೊಗಲು ಸುಲಿಯಾಕ ಒಂದು ನೆಟ್ಟನ ಬಾಯಿನ ಸಣ್ಣ ಚಾಕು, ಅಷ್ಟ. ಬಂದ್ ಮಾಡಿದ ಲೈನಿನ ಮ್ಯಾಲೆ ಭಾಳ ಚೊಲೊ ಕೆಲ್ಸ ಮಾಡ್ತೈತಿ, ನನ್ನ ಹಂತ್ಯಾಕೂ ಐತಿ. ಆದ್ರ ಕರೆಂಟ್ ಇದ್ದಾಗ ಮುಟ್ಟೋದು ಐಇಸಿ 60900 ಗುರುತು, 1000 ವೋಲ್ಟ್ ಅಂತ ಛಾಪಾ ಇರೋ ಸಾಮಾನು ಅಷ್ಟ. ಅದು ಜೇಬಿನ ಸಾಮಾನಿನಾಗ ಸಿಗಂಗಿಲ್ಲ.

ನಮ್ಮ ಜೋಡಿ ಕೆಲ್ಸ ಮಾಡೋ ಹುಡುಗ ಒಬ್ಬ ಮಡಚೋ ಪ್ಲೇಯರ್ ತಂದಿದ್ದ. ಮೇನ್ ಇಳಿಸೀನಿ ಅಂತ ತಿಳ್ಕೊಂಡು ಫ್ಯೂಸಿನ ತಂತಿ ಹಿಡದ. ಇಳಿಸಿದ್ದು ಬಾಜೂ ಮೇನ್. ಬಡದು ಹಿಂದಕ್ಕ ಬಿದ್ದ, ಬೆರಳು ಸುಟ್ಟಿತು, ಜೀವ ಉಳೀತು. ಆ ಪ್ಲೇಯರಿನ ತುದಿ ಕರಗಿ ಗುಂಡಗ ಆಗಿತ್ತು, ಈಗೂ ಅಂಗಡ್ಯಾಗ ಮೊಳಿಗೆ ತೂಗುಹಾಕೀವಿ. ಟೆಸ್ಟರ್ ಹಚ್ಚಿ ನೋಡಿದ ಮ್ಯಾಲೆನ ಕೈ ಹಾಕ್ರಿ.

ತೋಟದಮನೆ (ಸಾಗರ)
ಒಳ್ಳೇ ಸಮಯಕ್ಕೆ ಹೇಳಿದಿರಿ ಅಣ್ಣ. ಹೆಸರು ನೋಡಿ ಹಿಡಿಗೂ ಏನೋ ಮಾಡಿರುತ್ತಾರೆ ಅಂದುಕೊಂಡಿದ್ದೆ. ಎಲೆಕ್ಟ್ರಿಷಿಯನ್ ಪಟ್ಟಿಯಿಂದ ತೆಗೆದೆ. ಸ್ಟಾರ್ಟರಿಗೆ ಬೇರೆ ಇನ್ಸುಲೇಟೆಡ್ ಸ್ಕ್ರೂಡ್ರೈವರ್ ತಂದು ಪಂಪ್ ಮನೆಯಲ್ಲೇ ಇಡುತ್ತೇನೆ.

ರಿಪೇರಿ ಅಂಗಡಿ (ಬೆಂಗಳೂರು)
ಕಸುಬಿನ ಮಾದರಿ ತಗೊಂಡರೆ ಆಗೋ ಇನ್ನೊಂದು ತೊಂದರೆ ಹೇಳ್ತೀನಿ. ನನ್ನ ಹತ್ತಿರ ವಿಕ್ಟೋರಿನಾಕ್ಸ್ ಸೈಬರ್‌ಟೂಲ್ ಇದೆ, ಕಂಪ್ಯೂಟರ್ ಕೆಲಸದವರಿಗೆ ಅಂತ ಮಾಡಿದ್ದು. ಡೆಸ್ಕ್‌ಟಾಪ್ ಕಾಲದಲ್ಲಿ ಅದು ನನ್ನ ಬಲಗೈ. ಡಬ್ಬ ಬಿಚ್ಚೋದು, ಹಾರ್ಡ್‌ಡಿಸ್ಕ್ ಬದಲಾಯಿಸೋದು, ಎಲ್ಲಾ ಅದರಲ್ಲೇ. ಟಾರ್ಕ್ಸ್ ಬಿಟ್, ಅಂದರೆ ಆರು ಮೂಲೆ ನಕ್ಷತ್ರದ ಥರ ಇರೋ ಸ್ಕ್ರೂಗೆ ಹಾಕೋದು, ಅದರಲ್ಲಿ ಇರೋದು 8, 10, 15. ಈಗ ಬರೋ ಲ್ಯಾಪ್‌ಟಾಪ್‌ಗೆ ಟಾರ್ಕ್ಸ್ 5 ಬೇಕು, ಮ್ಯಾಕ್‌ಬುಕ್ಕಿಗೆ ಐದು ಎಸಳಿನ ಪೆಂಟಲೋಬ್. ಯಾವ ಕಸುಬಿಗೆ ಅಂತ ಮಾಡಿದ್ರೋ ಆ ಕಸುಬೇ ಮುಂದೆ ಹೋಯ್ತು. ಅದರಲ್ಲಿರೋ ಚಾಕು, ಕತ್ತರಿ, ಪುಟ್ಟ ಇಕ್ಕಳ ಮಾತ್ರ ದಿನಾ ಕೆಲಸ ಮಾಡ್ತಿವೆ.

ಸೈಕಲ್ ಸವಾರ (ಮೈಸೂರು)
ಸೈಕಲ್‌ಗೆ ಮಾತ್ರ ಇದು ತಿರುಗುಮುರುಗು ಸರ್. ವೇವ್ ಆಗಲಿ ಯಾವುದಾಗಲಿ ದಾರಿಯಲ್ಲಿ ಉಪಯೋಗಕ್ಕೆ ಬರಲ್ಲ. 4, 5, 6 ಎಂಎಂ ಅಲೆನ್ ಕೀ, ಡಿಸ್ಕ್ ಬ್ರೇಕ್ ರೋಟರಿಗೆ ಟಾರ್ಕ್ಸ್ 25, ಚೈನ್ ಕಳಚೋ ಮೊಳೆ, ಇಷ್ಟಿರೋ ಸಣ್ಣ ಟೂಲೇ ಬೇಕು.

ಮಲ್ನಾಡ್ ಗೌಡ (ತೀರ್ಥಹಳ್ಳಿ)
ವಿಶೇಷ, ಮಾಮೂಲಿ ಅಂತೆಲ್ಲ ಕಂಪನಿಯವರು ಮಾರಾಟಕ್ಕೆ ಮಾಡಿಕೊಂಡದ್ದು. ನಮ್ಮಜ್ಜ ಒಂದು ಕತ್ತಿಯಲ್ಲಿ ಇಡೀ ತೋಟ ಮಾಡಿದ್ರು.

ಆಸ್ಪತ್ರೆ ಅಣ್ಣ (ದಾವಣಗೆರೆ)
ಗೌಡ್ರೇ, ಈ ಮಾತು ನಾನು ಒಪ್ಪಲ್ಲ. ಆಂಬುಲೆನ್ಸ್ ಕೆಲಸದಲ್ಲಿ ಹತ್ತು ವರ್ಷ ಆಯ್ತು. ಮೊದಮೊದಲು ನನ್ನ ಹತ್ತಿರವೂ ಮಾಮೂಲಿ ಮಲ್ಟಿಟೂಲ್ ಇತ್ತು. ಒಂದು ರಾತ್ರಿ ಬೈಕ್ ಅಪಘಾತ, ಹುಡುಗನ ತೊಡೆ ಮುರಿದಿದೆ, ಜೀನ್ಸ್ ರಕ್ತದಲ್ಲಿ ನೆನೆದು ಅಂಟಿಕೊಂಡಿದೆ. ಚಾಕು ಬಿಚ್ಚಿದೆ. ಗಾಡಿ ಅಲುಗಾಡ್ತಿದೆ, ಹುಡುಗ ನೋವಿಗೆ ಹೊರಳಾಡ್ತಿದ್ದಾನೆ, ಚಾಕಿನ ತುದಿ ಚರ್ಮದಿಂದ ಒಂದು ಅಂಗುಲ ದೂರದಲ್ಲಿ. ನನ್ನ ಕೈ ಮುಂದೆ ಹೋಗಲೇ ಇಲ್ಲ. ಕಿಟ್ ಹುಡುಕಿ ಕತ್ತರಿ ತರೋಷ್ಟರಲ್ಲಿ ನಿಮಿಷಗಳು ಹೋದವು.

ಆಮೇಲೆ ರಾಪ್ಟರ್ ತಗೊಂಡೆ. ಅದು ಮಡಚೋ ಕತ್ತರಿ, ಒಳಗೆ ಹೋಗೋ ತುದಿ ಮೊಂಡು, ಬಟ್ಟೆಯ ಕೆಳಗೆ ಜಾರಿಕೊಂಡು ಹೋಗುತ್ತೆ, ಮೈಗೆ ತಾಗಲ್ಲ. ಸೀಟ್‌ಬೆಲ್ಟ್ ಕತ್ತರಿಸೋ ಕೊಕ್ಕೆ, ಬೆರಳು ಊದಿದಾಗ ಉಂಗುರ ಕತ್ತರಿಸೋ ಬಾಯಿ, ಆಕ್ಸಿಜನ್ ಸಿಲಿಂಡರಿನ ಕೀ, ಗಾಜು ಒಡೆಯೋ ಮೊನೆ. ಒಂದು ಅಳತೆಪಟ್ಟಿಯೂ ಸೇರಿ ಆರೇ ಸಲಕರಣೆ. ಇಕ್ಕಳ ಇಲ್ಲ, ಸ್ಕ್ರೂಡ್ರೈವರ್ ಇಲ್ಲ. ಸ್ಟ್ರೆಚರ್ ಗಾಲಿಯ ನಟ್ ಸಡಿಲ ಆದರೆ ಡ್ರೈವರಣ್ಣನ ಪಾನಾ ಪೆಟ್ಟಿಗೆನೇ ಗತಿ. ಆದರೂ ರಾಪ್ಟರ್ ನಾನು ಬಿಡಲ್ಲ. ತಪ್ಪಾದರೆ ಇನ್ನೊಬ್ಬರ ಜೀವಕ್ಕೆ ಬರೋ ಕೆಲಸ ಇದ್ದರೆ ಆ ಕೆಲಸಕ್ಕೇ ಮಾಡಿದ ಸಲಕರಣೆ ಬೇಕೇ ಬೇಕು.

ಮಲ್ನಾಡ್ ಗೌಡ (ತೀರ್ಥಹಳ್ಳಿ)
ನಿಮ್ಮ ಕೆಲಸದ ಮಾತು ಬೇರೆ ಅಣ್ಣ, ಅದಕ್ಕೆ ನನ್ನ ತಕರಾರಿಲ್ಲ. ತೋಟಕ್ಕೆ ಇಷ್ಟೆಲ್ಲ ಯಾಕೆ ಅಂದೆ.

ಹಳೇ ಚಾಕು (ಧಾರವಾಡ)
ಗೌಡರ ಮಾತಿನ ಹಿಂದೆ ಒಂದು ಸ್ವಾರಸ್ಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಈಗ ನಾವು "ಮಾಮೂಲಿ" ಅನ್ನುವ ಸ್ವಿಸ್ ಚಾಕುವೇ ಹುಟ್ಟಿದ್ದು ಒಂದು ಕಸುಬಿಗಾಗಿ. ಸ್ವಿಸ್ ಸೈನ್ಯಕ್ಕೆ 1889ರಲ್ಲಿ ಹೊಸ ಬಂದೂಕು ಬಂತು, ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಯಿತು, ಡಬ್ಬಿ ಊಟ ತೆರೆಯಲು ಓಪನರ್ ಬೇಕಾಯಿತು. ಚಾಕು, ಸ್ಕ್ರೂಡ್ರೈವರ್, ಡಬ್ಬಿ ಓಪನರ್, ತೂತು ಕೊರೆಯುವ ದಬ್ಬಳ, ಇವು ನಾಲ್ಕೇ. ವಿಕ್ಟೋರಿನಾಕ್ಸ್ ಕಟ್ಟಿದ, ಇಬಾಖ್ ಎಂಬ ಊರಿನ ಕಾರ್ಲ್ ಎಲ್ಸೆನರ್ 1891ರಿಂದ ಅದನ್ನು ಸೈನ್ಯಕ್ಕೆ ಕೊಡಲು ಶುರುಮಾಡಿದ. 1897ರಲ್ಲಿ ಬಿರಡೆ ತೆಗೆಯುವ ಸುರುಳಿ, ಇನ್ನೊಂದು ಸಣ್ಣ ಚಾಕು ಸೇರಿಸಿ ಹಗುರ ಮಾಡಿ ಆಫೀಸರ್ ಚಾಕು ತಂದ. ಸೈನ್ಯ ಅದನ್ನು ಕೊಡಲಿಲ್ಲ, ಅಧಿಕಾರಿಗಳು ಕೈಯಿಂದ ದುಡ್ಡು ಹಾಕಿ ಕೊಂಡರು. ನೋಡುವವರು ಈಗ ಅದನ್ನೇ ಎಲ್ಲರ ಚಾಕು ಅನ್ನುತ್ತಾರೆ.

ಲೆದರ್‌ಮನ್ ಕಥೆಯೂ ಹಾಗೆಯೇ. 1975ರಲ್ಲಿ ಟಿಮ್ ಲೆದರ್‌ಮನ್ ಹೆಂಡತಿಯ ಜೊತೆ ಯುರೋಪ್ ಸುತ್ತುತ್ತಿದ್ದಾಗ ಹಳೇ ಫಿಯೆಟ್ ಕಾರು ಕೈಕೊಡುತ್ತಲೇ ಇತ್ತು, ಹೋಟೆಲ್ ಕೋಣೆಗಳಲ್ಲಿ ನಲ್ಲಿ ಸೋರುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಬೇಕಾಗಿದ್ದದ್ದು ಇಕ್ಕಳ. ಅದನ್ನು ಸಾಮಾನು ಮಾಡಿ ಕಂಪನಿ ಕಟ್ಟುವಷ್ಟರಲ್ಲಿ 1983 ಬಂತು. ಆದ್ದರಿಂದ ಮಾದರಿ ಆರಿಸುವ ಮೊದಲು ನೋಡಬೇಕಾದ್ದು, ನಿಮ್ಮ ಕೈ ಹೆಚ್ಚು ಸಲ ಹೋಗುವುದು ಇಕ್ಕಳಕ್ಕೋ ಚಾಕುವಿಗೋ ಅನ್ನುವುದು. ಇಕ್ಕಳ ಅನ್ನುವುದಾದರೆ ಲೆದರ್‌ಮನ್, ಚಾಕು ಅನ್ನುವುದಾದರೆ ವಿಕ್ಟೋರಿನಾಕ್ಸ್.

ತೋಟದಮನೆ (ಸಾಗರ)
ಇದು ನನಗೆ ಹೊಳೆದೇ ಇರಲಿಲ್ಲ ಸರ್. ನಿನ್ನೆ ಇಡೀ ದಿನ ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಬಂದೆ. ಇಕ್ಕಳ 14 ಸಲ, ಚಾಕು 9, ಸ್ಕ್ರೂಡ್ರೈವರ್ 3, ಗರಗಸ ಒಂದೂ ಇಲ್ಲ. ಗರಗಸಕ್ಕಾಗಿಯೇ ಫಾರ್ಮರ್ ನೋಡಿದ್ದೆ.

ಕಬ್ಬಿಣದಂಗಡಿ (ತುಮಕೂರು)
ಫಾರ್ಮರ್ ಒಳ್ಳೇ ಚಾಕು, ಅದರ ಗರಗಸ ಹಸಿ ಕೊಂಬೆಗೆ ಬೆಣ್ಣೆ ಕೊಯ್ದಂಗೆ ಹೋಗುತ್ತೆ. ಇಕ್ಕಳ ಇಲ್ಲ ಅಷ್ಟೆ. 14 ಸಲ ಇಕ್ಕಳ ಅಂದಮೇಲೆ ಮಾತು ಮುಗೀತು.

ಡ್ರಿಪ್ ಸಿದ್ದಣ್ಣ (ಹೊಸದುರ್ಗ)
ಒಂದು ಕಿವಿಮಾತು. ಯಾವುದೇ ತರಿಸಿ, ಅದರ ದಬ್ಬಳದಲ್ಲಿ ಡ್ರಿಪ್ ಪೈಪಿಗೆ ತೂತು ಹಾಕಬೇಡಿ. ತೂತು ಸೀಳಿಕೊಂಡು ಹೋಗುತ್ತೆ, ಡ್ರಿಪ್ಪರ್ ಕೂರಿಸಿದರೂ ಪಕ್ಕದಲ್ಲಿ ಜಿನುಗುತ್ತೆ. ಡ್ರಿಪ್ ಅಂಗಡೀಲಿ ಸಿಗೋ ಪಂಚ್ ದುಂಡಗೆ ಕತ್ತರಿಸುತ್ತೆ. ನಾನು ನಾಲ್ಕು ಸಾಲು ಹಾಳು ಮಾಡಿಕೊಂಡು ಕಲಿತದ್ದು.

ಚಾರಣಿಗ (ಬೆಂಗಳೂರು)
ಇಕ್ಕಳಕ್ಕೇ ಅಂದರೆ ಲೆದರ್‌ಮನ್‌ನದೇ ರೀಬಾರ್ ಕೂಡ ನೋಡಿ. 190 ಗ್ರಾಂ, ವೇವ್‌ಗಿಂತ ತೆಳು. ಇದಕ್ಕೂ ತಂತಿ ಕತ್ತರಿಸುವ ಬಾಯಿ ಬದಲಾಯಿಸಬಹುದು. ಚಾಕು ತೆಗೆಯಲು ಹಿಡಿ ಬಿಡಿಸಬೇಕು, ಕೊರತೆ ಅದೊಂದೇ.

ಕಬ್ಬಿಣದಂಗಡಿ (ತುಮಕೂರು)
ಚಾಕು 9 ಸಲ, ಅದೂ ಒದ್ದೆ ಕೈಯಲ್ಲಿ. ಹಿಡಿ ಬಿಡಿಸ್ತಾ ಕೂರೋಕೆ ಆಗಲ್ಲ. ವೇವ್.

ಅಡಿಕೆ ಸುಲಿ (ಶಿರಸಿ)
ಚಾರ್ಜ್ ಪ್ಲಸ್ ಟಿಟಿಐ ತರಿಸಿಕೊಳ್ಳಿ. ಅದು ವೇವ್‌ನ ಅಣ್ಣ, ಹಿಡಿ ಟೈಟಾನಿಯಂ, ಚಾಕು ಎಸ್30ವಿ ಸ್ಟೀಲ್. ಬಾಯಿ ಬೇಗ ಹೋಗುವುದಿಲ್ಲ.

ಹಳೇ ಚಾಕು (ಧಾರವಾಡ)
ಬೇಗ ಹೋಗುವುದಿಲ್ಲ ನಿಜ, ಹೋದಮೇಲೆ ಬೇಗ ಬರುವುದೂ ಇಲ್ಲ. ಎಸ್30ವಿ ಗಡಸು, ನಮ್ಮ ಮಾಮೂಲಿ ಸಾಣೆಕಲ್ಲಿನಲ್ಲಿ ಉಜ್ಜಿದರೆ ಸಾಕುಬೇಕಾಗುತ್ತದೆ, ವಜ್ರದ ಕಲ್ಲು ಬೇಕು. ವೇವ್‌ನ 420ಎಚ್‌ಸಿ ಬೇಗ ಮೊಂಡಾದರೂ ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಮತ್ತೆ ಬಾಯಿ ಬರುತ್ತದೆ. ದಿನಾ ಮಣ್ಣು ಮುಟ್ಟುವ ಚಾಕುವಿಗೆ ಅದೇ ಮೇಲು.

ಕಸಿ ಅಕ್ಕ (ಪುತ್ತೂರು)
ಎಲ್ಲ ಓದಿದೆ. ಇಕ್ಕಳದ ವಿಷಯ ಇತ್ಯರ್ಥ ಆಯ್ತು, ಕಸಿಯ ವಿಷಯ ಯಾರೂ ಮಾತಾಡಿಲ್ಲ ಮಾರಾಯ್ರೆ! 40ರಲ್ಲಿ 29 ಗಿಡ ಹೋಯ್ತು ಅಂತ ಬರೆದಿದ್ದಾರೆ, ನಂಗೆ ಅದನ್ನು ಓದಿಯೇ ಹೊಟ್ಟೆ ಉರಿಯಿತು.

ನಮ್ಮಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇರುವ ಕಾರಣ ಮೃದುಕಾಂಡ ಕಸಿ ಗೊತ್ತಿರುವವರು ತುಂಬ ಜನ ಉಂಟು. ನಾನು ಗೇರು, ಮಾವು, ಜಾಯಿಕಾಯಿ ಮೂರೂ ಕಟ್ಟುತ್ತೇನೆ. ತೋಟದಮನೆಯವರೇ, ಕಸಿಗೆ ವೇವ್ ಬೇಡ, ಫಾರ್ಮರ್ ಬೇಡ, ಯಾವ ಮಾಮೂಲಿ ಚಾಕುವೂ ಬೇಡ. ಕಾರಣ ಹೇಳುತ್ತೇನೆ. ಮಾಮೂಲಿ ಚಾಕುವಿಗೆ ಎರಡು ಬದಿಯಲ್ಲೂ ಸಾಣೆ. ಕಡ್ಡಿಯ ಮೇಲೆ ಎಳೆಯುವಾಗ ಅದು ಒಳಗೆ ಇಳಿಯುತ್ತದೆ, ಮತ್ತೆ ಹೊರಗೆ ಬರುತ್ತದೆ, ಕೊಯ್ದ ಜಾಗ ಚಮಚದ ಹಾಗೆ ತಗ್ಗಾಗುತ್ತದೆ. ಕಸಿ ಚಾಕುವಿಗೆ ಒಂದೇ ಬದಿ ಸಾಣೆ, ಇನ್ನೊಂದು ಬದಿ ಕನ್ನಡಿಯ ಹಾಗೆ ಮಟ್ಟ. ಮಟ್ಟದ ಬದಿ ಕಡ್ಡಿಗೆ ತಾಗಿ ಹೋದರೆ ಕೊಯ್ಲು ಸಪಾಟು ಬರುತ್ತದೆ. ಸಿಪ್ಪೆಯ ಕೆಳಗೆ ತೆಳ್ಳಗೆ ಹಸಿರು ಪದರ ಉಂಟಲ್ಲ, ಬೇರುಸಸಿಯದ್ದೂ ಕಡ್ಡಿಯದ್ದೂ ಅದು ಒಂದಕ್ಕೊಂದು ತಾಗಿದರೆ ಮಾತ್ರ ಜೀವ ಹಿಡಿಯುವುದು. ನಡುವೆ ತಗ್ಗು ಇದ್ದರೆ ಗಾಳಿ, ನೀರು ಸೇರಿ ಕೊಳೆಯುತ್ತದೆ.

ನೀವು ಕೊಯ್ದ ಕಡ್ಡಿಯನ್ನು ಗಾಜಿನ ತುಂಡಿನ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಅಡಿಯಲ್ಲಿ ಬೆಳಕು ಕಂಡರೆ ಆ ಕಡ್ಡಿ ಬಿಸಾಡಿ.

ತೋಟದಮನೆ (ಸಾಗರ)
ಅಕ್ಕ, ನಾನು ಬಳಸಿದ್ದು ಕಸಿ ಚಾಕುವೇ. ಪೇಟೆಯಿಂದ ತಂದದ್ದು, ಒಂದೇ ಬದಿ ಸಾಣೆ ಇದೆ. ಹೊಸದು, ಕೂದಲು ಬೋಳಿಸುವಷ್ಟು ಹರಿತ. ಈಗಷ್ಟೇ ಹೊರಗೆ ಹೋಗಿ ಒಂದು ಮಾವಿನ ಕಡ್ಡಿ ಕೊಯ್ದು ಗಾಜಿನ ಮೇಲೆ ಇಟ್ಟು ನೋಡಿದೆ. ನಡುವೆ ಬೆಳಕು ಕಾಣುತ್ತಿದೆ! ಬಲಗೈಯಲ್ಲಿ ಕಡ್ಡಿ ಗಟ್ಟಿಯಾಗಿ ಹಿಡಿದು, ಚಾಕು ಒಂದೇ ಎಳೆತಕ್ಕೆ ಎಳೆಯುತ್ತೇನೆ, ನಡುವೆ ನಿಲ್ಲಿಸುವುದೂ ಇಲ್ಲ. ಮತ್ತೆ ಯಾಕೆ?

ಅಡಿಕೆ ಸುಲಿ (ಶಿರಸಿ)
ಮಳೆ ಜಾಸ್ತಿ ಆಗಿತ್ತು ಕಳೆದ ವರ್ಷ. ನಮ್ಮಲ್ಲೂ ಅಪ್ಪೆಮಿಡಿ ಕಸಿ ಸುಮಾರು ಹೋದವು. ಬೀಜದಿಂದ ಮಾಡಿದರೆ ಆ ಪರಿಮಳ ಬರುವುದಿಲ್ಲ, ಕಸಿಯೇ ಆಗಬೇಕು, ಅದೇ ಕಷ್ಟ.

ಸೈಕಲ್ ಸವಾರ (ಮೈಸೂರು)
ವಿಷಯ ಬೇರೆ, ಆದರೂ ಹೇಳ್ತೀನಿ. ಭಾವನಿಗೆ ನೆನಪಿಸಿ, ಮಲ್ಟಿಟೂಲನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಂದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ತಾರೆ. ಚೆಕ್ ಇನ್ ಪೆಟ್ಟಿಗೆಯಲ್ಲೇ ಹಾಕಬೇಕು. ನನ್ನ ಬೆರಳುದ್ದದ ಕೀಚೈನ್ ಚಾಕುವನ್ನೂ ಬಿಡಲಿಲ್ಲ, ಅಪ್ಪ ಕೊಟ್ಟದ್ದು ಅದು.

ಸ್ಟುಟ್‌ಗಾರ್ಟ್ ಕನ್ನಡಿಗ
ಭಾವ ಜರ್ಮನಿ ಮೇಲೆ ಬರುವುದಾದರೆ, ಇಲ್ಲಿ ಇಳಿದು ಊರು ಸುತ್ತುವಾಗ ವೇವ್ ಅನ್ನು ಜೇಬಿನಲ್ಲಿ ಇಟ್ಟುಕೊಳ್ಳದಿರಲಿ. ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯುವುದಕ್ಕೆ 2008ರಿಂದ ಇಲ್ಲಿ ನಿಷೇಧ ಇದೆ. ತುಮಕೂರಿನವರು ಮೆಚ್ಚಿದ ಗುಣವೇ ಇಲ್ಲಿ ತೊಡಕು. ಹಾಗಾಗಿ ನಾನು ಎರಡು ಕೈಯಲ್ಲಿ ತೆರೆಯುವ, ಲಾಕ್ ಇಲ್ಲದ ವಿಕ್ಟೋರಿನಾಕ್ಸ್ ಪಯೊನಿಯರ್ ಇಟ್ಟುಕೊಂಡಿದ್ದೇನೆ.

ಕಸಿ ಅಕ್ಕ (ಪುತ್ತೂರು)
ನಿಲ್ಲಿ ನಿಲ್ಲಿ. ತೋಟದಮನೆಯವರೇ, ಬಲಗೈಯಲ್ಲಿ ಕಡ್ಡಿ ಅಂತ ಬರೆದಿದ್ದೀರಿ. ಹಾಗಾದರೆ ಚಾಕು ಯಾವ ಕೈಯಲ್ಲಿ? ನೀವು ಎಡಚರಾ?

ತೋಟದಮನೆ (ಸಾಗರ)
ಹೌದಕ್ಕ, ಎಡಚ. ಊಟ ಒಂದು ಬಿಟ್ಟು ಎಲ್ಲಾ ಎಡಗೈಯೇ.

ಕಸಿ ಅಕ್ಕ (ಪುತ್ತೂರು)
ಅದೇ ಅದೇ! ಪೇಟೆಯಲ್ಲಿ ಸಿಗುವ ಕಸಿ ಚಾಕುವೆಲ್ಲ ಬಲಗೈಯವರಿಗೆ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಸಾಣೆಯ ಬದಿ ಕಡ್ಡಿಗೆ ತಾಗುತ್ತದೆ, ಮಟ್ಟದ ಬದಿ ಹೊರಗೆ ಉಳಿಯುತ್ತದೆ. ಹಾಗೆ ಹಿಡಿದರೆ ಮಾಮೂಲಿ ಚಾಕುವಿಗಿಂತ ಕಡೆ. ನಿಮ್ಮ ಕೈ ಕೆಟ್ಟದ್ದಲ್ಲ, ಮಳೆಯನ್ನು ಬೈಯುವುದೂ ಬೇಡ. ಅಂಥಾ ಚಾಕುವಿನಲ್ಲಿ 11 ಗಿಡ ಉಳಿಸಿದ್ದೀರಿ, ಅದೇ ದೊಡ್ಡದು.

ಚಾಕುವಿನ ಬೆನ್ನು ಮೇಲೆ, ಮೊನೆ ಮುಂದೆ ಮಾಡಿ ಹಿಡಿಯಿರಿ. ಬಲಗಡೆ ಸಾಣೆ ಇದ್ದರೆ ಬಲಗೈಯದ್ದು. ನಿಮಗೆ ಬೇಕಾದ್ದು ಎಡಗಡೆ ಸಾಣೆ, ಬಲಗಡೆ ಮಟ್ಟ.

ತೋಟದಮನೆ (ಸಾಗರ)
ನೋಡಿದೆ. ಬಲಗಡೆ ಸಾಣೆ. ಅಕ್ಕ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಅಪ್ಪ "ನಿನ್ನ ಕೈಗುಣ ಇಲ್ಲ, ಕಸಿ ಬಿಡು" ಅಂದಿದ್ದರು, ನಾನೂ ಬಿಡುವವನಿದ್ದೆ. ಎಡಗೈಯದ್ದು ಎಲ್ಲಿ ಸಿಗುತ್ತದೆ?

ವೈರ್‌ಮನ್ (ಹುಬ್ಬಳ್ಳಿ)
ಅಕ್ಕಾರ, ಭಾರಿ ಹಿಡದ್ರಿ ನೀವು!

ಸ್ಟುಟ್‌ಗಾರ್ಟ್ ಕನ್ನಡಿಗ
ನಮ್ಮ ಪಕ್ಕದ ಊರು ರಾಯ್ಟ್‌ಲಿಂಗನ್‌ನಲ್ಲಿ ಟೀನಾ ಅಂತ ಕಸಿ ಚಾಕುವಿನ ಕಂಪನಿ ಇದೆ, 1854ರಿಂದ ಇದೇ ಕೆಲಸ. ಅವರ 605 ಅನ್ನುವ ಕಸಿ ಚಾಕುವಿಗೆ ಎಡಗೈಯವರ ಮಾದರಿಯೂ ಬರುತ್ತದೆ, ಸಂಖ್ಯೆಯ ಜೊತೆ ಎಲ್ ಅಂತ ಇರುತ್ತದೆ. ಒಂದು ಎಚ್ಚರಿಕೆ, ಅದು ಕಾರ್ಬನ್ ಸ್ಟೀಲ್. ಕೆಲಸ ಮುಗಿದ ಕೂಡಲೇ ಸೊನೆ ಒರೆಸಿ ಎಣ್ಣೆ ಸವರದಿದ್ದರೆ ಮಲೆನಾಡಿನ ಮಳೆಗೆ ಒಂದೇ ರಾತ್ರಿಯಲ್ಲಿ ತುಕ್ಕು.

ಕಬ್ಬಿಣದಂಗಡಿ (ತುಮಕೂರು)
ಅಷ್ಟರವರೆಗೆ ಈಗಿರೋ ಚಾಕುವಿನ ಸಾಣೆ ತಿರುವಿಸಬಹುದಾ?

ಹಳೇ ಚಾಕು (ಧಾರವಾಡ)
ಬೇಡ. ಅಷ್ಟು ಲೋಹ ತೆಗೆಯುವಾಗ ಗ್ರೈಂಡರಿನ ಬಿಸಿಗೆ ಹದ ಹೋಗುತ್ತದೆ, ಮಟ್ಟದ ಬದಿಯೂ ನೇರ ಬರುವುದಿಲ್ಲ.

ತೋಟದಮನೆ (ಸಾಗರ)
ಭಾವನಿಗೆ ಈಗ ಮೆಸೇಜ್ ಹಾಕಿದೆ: ವೇವ್ ಪ್ಲಸ್ ಒಂದು, ಎಡಗೈಯ ಕಸಿ ಚಾಕು ಒಂದು, ಎರಡೂ ಚೆಕ್ ಇನ್ ಪೆಟ್ಟಿಗೆಯಲ್ಲಿ. ಮುಂದಿನ ಮಳೆಗಾಲಕ್ಕೆ ಬೇರುಸಸಿ 40 ಸಿದ್ಧ ಮಾಡುತ್ತಿದ್ದೇನೆ. ಕಸಿ ಅಕ್ಕ, ಕಟ್ಟಿದ ಮೇಲೆ ಪಾಲಿಥೀನ್ ಕೊಳವೆ ಮುಚ್ಚುವುದು ಎಷ್ಟು ದಿನ?

ಕಸಿ ಅಕ್ಕ (ಪುತ್ತೂರು)
ದಿನ ಎಣಿಸುವುದು ಬೇಡ. ಒಳಗೆ ಚಿಗುರು ಬಿಚ್ಚಿಕೊಳ್ಳುವುದು ಕಂಡ ಮೇಲೆ ಕೊಳವೆ ತೆಗೆಯಿರಿ, ಅದೂ ಸಂಜೆ ಹೊತ್ತು, ನೆರಳಿನಲ್ಲಿ ಇಟ್ಟುಕೊಂಡು.